ಡಿಕ್ಕಿಗೊಂದು ಮುಹೂರ್ತ

ನಿವೃತ್ತಿಯ ಹೊಸ್ತಿಲಲ್ಲಿರುವ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳದೆ ಮಲಗದ, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಗುಣಪರೀಕ್ಷಕನೆಂಬ ಗಂಭೀರ ಹುದ್ದೆಯಲ್ಲಿರುವ ಮನುಷ್ಯ ಯಾರ ಮುಂದೆಯೂ ಆಡಬಾರದ ಮಾತೊಂದನ್ನು ನಿಮ್ಮ ಮುಂದೆ ಆಡುತ್ತಿದ್ದೇನೆ. ಅಮೆರಿಕದ ಹೈಸ್ಕೂಲು ಹುಡುಗ ಹುಡುಗಿಯರ ನಗೆಪ್ರೇಮದ ಸಿನಿಮಾಗಳೆಂದರೆ ನನಗೆ ಪ್ರಾಣ. ಜಾತ್ಯತೀತವಾಗಿ, ಪಕ್ಷಾತೀತವಾಗಿ, ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲದೆ ಎಲ್ಲವನ್ನೂ ನೋಡುತ್ತೇನೆ.

ಈ ಚಟ ಹತ್ತಿದ್ದು ನನ್ನ ತಂಗಿಯ ಮಗಳು ವೈಶಾಲಿಯಿಂದ. ಹೈದರಾಬಾದಿನಲ್ಲಿ ಬಂಡೆ ಕಂಡಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲವದು. ಅಂಥದೊಂದು ಗಾಜಿನೊಳಗೆ ಅವಳಿಗೆ ಕೆಲಸ. ಮಣಿಕೊಂಡದಲ್ಲಿ ಗೆಳತಿಯರೊಂದಿಗೆ ವಾಸ. ಶನಿವಾರ ಬಂತೆಂದರೆ ತಾರ್ನಾಕದ ನಮ್ಮ ಮನೆಗೆ ಬಂದು, ಓಣಿಯ ಅಂಗಡಿಯಿಂದ ಬಾಡಿಗೆಗೆ ತಂದ ಡಿವಿಡಿ ಹಾಕಿಕೊಂಡು ಅವಲಕ್ಕಿ ಚೂಡಾ ತಿನ್ನುತ್ತ ಕೂಡುತ್ತಿದ್ದಳು. ನಾನು ಮೊದಲು ಕೂತದ್ದು ಖಂಡಿಸುವುದಕ್ಕೆ. ಖಂಡನೆಗೆ ಸಾಕ್ಷ್ಯ ಬೇಕು. ಸಾಕ್ಷ್ಯಕ್ಕೆ ಪೂರ್ತಿ ನೋಡಬೇಕು. ಒಂದೇ ನಮೂನೆಯನ್ನು ಪರೀಕ್ಷಿಸಿ ಇಡೀ ಮಾಲನ್ನು ತಿರಸ್ಕರಿಸುವುದು ನನ್ನ ವೃತ್ತಿಗೆ ಅಪಚಾರವಾದ್ದರಿಂದ ಇನ್ನೊಂದನ್ನೂ ನೋಡಿದೆ. ಆಮೇಲೆ ಖಂಡಿಸುವ ವಿಚಾರ ಎಲ್ಲೋ ತಪ್ಪಿಹೋಯಿತು.

ಏನು ಶಾಲೆಗಳಪ್ಪ ಅವು! ಅಲ್ಲಿ ಯಾರೂ ಓದುವುದಿಲ್ಲ. ಪಾಠವೆಂಬುದು ಗಂಟೆ ಬಾರಿಸುವುದಕ್ಕೆ ಒಂದು ನೆಪ. ಪಡಸಾಲೆಯುದ್ದಕ್ಕೂ ಕಬ್ಬಿಣದ ಪುಟ್ಟ ಕಪಾಟುಗಳು, ಒಬ್ಬೊಬ್ಬರಿಗೆ ಒಂದೊಂದು. ಅದರ ಬಾಗಿಲು ಮುಚ್ಚಿದಾಗ ಹಿಂದೆ ಯಾರಾದರೂ ಒರಗಿ ನಿಂತಿರಲೇಬೇಕು ಎಂಬ ಕಾನೂನಿದೆ. ನಮ್ಮ ಕಾರ್ಖಾನೆಯಲ್ಲೂ ಅಂಥ ಕಪಾಟುಗಳಿವೆ. ನಾನು ಇಷ್ಟು ವರ್ಷ ಬಾಗಿಲು ಮುಚ್ಚಿದ್ದೇನೆ, ಹಿಂದೆ ಕಂಡದ್ದು ಯೂನಿಯನ್ ಕಾರ್ಯದರ್ಶಿಯ ಮುಖ ಮಾತ್ರ. ಇನ್ನು ನಾಯಕಿ. ಕನ್ನಡಕ ತೆಗೆಯುವ ತನಕ ಅವಳ ಚೆಲುವು ಇಡೀ ಊರಿನಲ್ಲಿ ಯಾರಿಗೂ ಕಾಣುವುದಿಲ್ಲ. ತೆಗೆದ ಕೂಡಲೇ ಮೆಟ್ಟಿಲಿಳಿಯುತ್ತಾಳೆ, ಸಂಗೀತ ಏಳುತ್ತದೆ. ಈ ತತ್ತ್ವವನ್ನು ಒರೆಗೆ ಹಚ್ಚಲು ನಾನೂ ಒಂದು ದಿನ ಕನ್ನಡಕ ತೆಗೆದು ನನ್ನ ಹೆಂಡತಿ ಸುಶೀಲೆಯ ಮುಂದೆ ನಿಂತೆ. "ಹಾಕ್ಕೊರಿ ಅದನ್ನ, ಮಾರಿ ಗುರ್ತ ಸಿಗವಲ್ದು" ಎಂದಳು.

ನೀವು ನಗಬಹುದು. ಆದರೆ ನಮ್ಮ ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಇದರಲ್ಲಿ ಹೊಸದೇನಿದೆ? ಅಲ್ಲಿ ರಾಜ ಬಳ್ಳಿಯ ಮರೆಯಲ್ಲಿ ನಿಲ್ಲುತ್ತಾನೆ, ಇಲ್ಲಿ ಹುಡುಗ ಕಪಾಟಿನ ಮರೆಯಲ್ಲಿ. ಅಲ್ಲಿಯ ವಿದೂಷಕ ಲಾಡುವಿಗಾಗಿ ಹಂಬಲಿಸಿದರೆ ಇಲ್ಲಿಯ ದಪ್ಪ ಗೆಳೆಯ ಪಿಜ್ಜಾಕ್ಕಾಗಿ ಹಂಬಲಿಸುತ್ತಾನೆ. ಸಖಿಯರು ಇಬ್ಬರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ವರ್ಷದ ಕೊನೆಯ ನೃತ್ಯಕೂಟವಂತೂ ಸ್ವಯಂವರವೇ ಸರಿ. ಹೂಮಾಲೆಯ ಬದಲು ಮಣಿಕಟ್ಟಿಗೊಂದು ಹೂವು. ವ್ಯತ್ಯಾಸವೇನೆಂದರೆ ಸ್ವಯಂವರದಲ್ಲಿ ಸೋತ ರಾಜರು ಯುದ್ಧಕ್ಕೆ ಹೊರಡುತ್ತಿದ್ದರು, ಇಲ್ಲಿ ಸೋತವರು ಐಸ್‌ಕ್ರೀಮು ತಿನ್ನುತ್ತಾರೆ. ಇದನ್ನು ನಾಗರಿಕತೆಯ ಮುನ್ನಡೆಯೆಂದೇ ನಾನು ತಿಳಿದಿದ್ದೇನೆ.

ಇವುಗಳ ಮೋಹ ಇಷ್ಟೇಕೆ ಎಂದು ಯೋಚಿಸಿದ್ದೇನೆ. ನಾವು ಓದಿದ ರಾಯಚೂರಿನ ಹೈಸ್ಕೂಲಿನಲ್ಲಿ ಹುಡುಗಿಯರು ಮಾಸ್ತರರ ಹಿಂದೆಯೇ ವರ್ಗದೊಳಗೆ ಬಂದು, ಮಾಸ್ತರರ ಹಿಂದೆಯೇ ಹೊರಗೆ ಹೋಗುತ್ತಿದ್ದರು. ಅವರ ಬಗ್ಗೆ ನಮಗಿದ್ದ ಜ್ಞಾನವೆಲ್ಲ ಜಡೆಯ ತುದಿಗೆ ಸೀಮಿತ. ವೈಶಾಲಿಯ ಕಾಲಕ್ಕೆ ಎಲ್ಲ ಬದಲಾಗಿರಬೇಕೆಂದು ನೀವು ತಿಳಿಯುತ್ತೀರಿ. ಅವಳನ್ನು ನನ್ನ ತಂಗಿ ಹೈದರಾಬಾದಿನ ಹಾಸ್ಟೆಲು ಕಾಲೇಜೊಂದರಲ್ಲಿ ಇಂಟರ್, ಅಂದರೆ ನಮ್ಮ ಪಿಯುಸಿ, ಓದಲು ಹಾಕಿದಳು. ಹುಡುಗರದೊಂದು ಕಟ್ಟಡ, ಹುಡುಗಿಯರದೊಂದು ಕಟ್ಟಡ, ನಡುವೆ ಗಾಜು ನೆಟ್ಟ ಗೋಡೆ, ಬೆಳಗಾದರೆ ಗಣಿತ. ಅಲ್ಲಿಯ ಹುಡುಗ ಹುಡುಗಿಯರು ಅಕ್ಕಪಕ್ಕ ಕಾಣಿಸಿಕೊಳ್ಳುತ್ತಿದ್ದದ್ದು ರ‍್ಯಾಂಕು ಬಂದ ಮೇಲೆ, ಚೌಕದ ದೊಡ್ಡ ಫಲಕದ ಮೇಲೆ, ಫೋಟೋದಲ್ಲಿ ಮಾತ್ರ. ಹೀಗಾಗಿ ಆ ಸಿನಿಮಾಗಳ ಮುಂದೆ ನಾವಿಬ್ಬರೂ ಸಮಾನ ಬಡವರು. ಸಿಗದೇ ಹೋದ ಒಂದು ಊಟವನ್ನು ಮಾಮನೂ ಸೊಸೆಯೂ ಚೂಡಾದ ಜೊತೆ ತಿನ್ನುತ್ತಿದ್ದೆವು.

ಇಷ್ಟರಲ್ಲಿ ತಂಗಿಯ ಫೋನು ಬಂತು. ವೈಶಾಲಿ ಅಲ್ಲಿಯ ತನಕ ಬಂದ ವರಗಳನ್ನೆಲ್ಲ ಬೇಡವೆಂದಿದ್ದಳು. ಇನ್ನೂ ನಿಜ ಹೇಳಬೇಕೆಂದರೆ, ಯಾರ ಮುಂದೆಯೂ ಹೋಗಿ ಕೂತಿರಲೇ ಇಲ್ಲ. "ಅಣ್ಣಾ, ಈ ಹುಡುಗನ್ನೂ ನೋಡಂಗಿಲ್ಲ ಅಂದ್ಲಂದ್ರ ನೌಕರಿ ಬಿಡಿಸಿ ರಾಯಚೂರಿಗೆ ಕರಕೊಂಡು ಬರತೀನಿ. ನೀನ ಜವಾಬ್ದಾರಿ" ಎಂದಳು ತಂಗಿ. ಅವಳು ಹೇಳಿದ್ದನ್ನು ಮಾಡುವವಳು. ವೈಶಾಲಿಯೂ ಅದನ್ನು ಬಲ್ಲಳು. ಆ ನೌಕರಿಯೆಂದರೆ ಅವಳಿಗೆ ಎಷ್ಟು ಪ್ರೀತಿಯೆಂಬುದನ್ನು ನಾನು ಬಲ್ಲೆ.

"ಮಾಮಾ, ನೌಕರಿಗೆ ಒಮ್ಮೆ ಇಂಟರ್‌ವ್ಯೂ ಕೊಟ್ಟೀನಿ. ಮತ್ತ ಚಾಪಿ ಮ್ಯಾಲೆ ಕೂತು ಇನ್ನೊಂದು ಕೊಡಾಕ ನನ್ನ ಕೈಲೆ ಆಗಂಗಿಲ್ಲ" ಎಂದಳು ಹುಡುಗಿ.

"ಮತ್ತ ಹೆಂಗ ನೋಡ್ತಿ ಹುಡುಗನ್ನ?" ಎಂದು ಸುಶೀಲೆ ಕೇಳಿದಳು.

"ಯಾರೋ ಮನಿಷ್ಯಾ ಹೊಂಟಾನ ಅಂತ ಸುಮ್ನ ನೋಡ್ಬೇಕು ಅತ್ತಿ. ಅವಗೂ ಗೊತ್ತಿರಬಾರ್ದು, ನನಗೂ ಗೊತ್ತಿರಬಾರ್ದು."

"ಗೊತ್ತಿಲ್ದಂಗ ನೋಡೂದಂದ್ರ ಏನವ್ವಾ ಅದು, ಕಣ್ಣ ಮುಚ್ಚಿ ನೋಡೂದೇನು?"

ಸುಶೀಲೆಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಆಗದೆ ಏನು? ಇಂಥ ಸಮಸ್ಯೆಗೆ ನಾನು ನೋಡಿದ ಸಿನಿಮಾಗಳಲ್ಲೆಲ್ಲ ಒಂದೇ ಪರಿಹಾರ. ಹುಡುಗಿ ಎದೆಗೆ ಪುಸ್ತಕ ಅವಚಿಕೊಂಡು ಬರುತ್ತಾಳೆ, ಮೂಲೆಯಲ್ಲಿ ಹುಡುಗ ತಿರುಗುತ್ತಾನೆ, ಡಿಕ್ಕಿ. ಪುಸ್ತಕಗಳು ಬೀಳುತ್ತವೆ, ಇಬ್ಬರೂ ಬಗ್ಗುತ್ತಾರೆ, ಮಿಕ್ಕದ್ದು ತಾನಾಗಿ ಆಗುತ್ತದೆ. ಆಕಸ್ಮಿಕವನ್ನು ನಾವೇ ಏರ್ಪಡಿಸಿದರಾಯಿತು.

ಹುಡುಗ ಪ್ರಸನ್ನ, ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್. ಗುಲ್ಬರ್ಗಾ ಕಡೆಯ ಮನೆತನ. ತಂದೆಗೆ ಇಲ್ಲಿಯೇ ತೊಗರಿಬೇಳೆಯ ವ್ಯಾಪಾರ. ತಾಯಿ ಶಕುಂತಲಾಬಾಯಿಯವರಿಗೆ ನನ್ನ ಯೋಜನೆ ವಿವರಿಸಲು ಹೋದಾಗ ಅವರು ಬೇಳೆ ಆರಿಸುತ್ತಲೇ ಪೂರ್ತಿ ಕೇಳಿದರು. ಆಮೇಲೆ, "ಅಂದ್ರ ನಾವು ಹುಡುಗೀನ ನೋಡಾಕ ಬರತೀವಿ, ಆದ್ರ ಬಂದಿಲ್ಲ. ಹಂಗೇನ್ರಿ?" ಎಂದರು. ಹೌದೆಂದೆ. "ಅಡ್ಡಿ ಇಲ್ರಿ. ನಮ್ಮ ಮನ್ಯಾಗ ವ್ಯಾಪಾರಾನೂ ಹಂಗ ನಡೀತೈತಿ" ಎಂದು ಒಪ್ಪಿಕೊಂಡರು.

ಸ್ಥಳ, ನಮ್ಮ ಪಕ್ಕದ ವಿಶ್ವವಿದ್ಯಾಲಯದ ಹಳೆಯ ಕಲ್ಲಿನ ಕಟ್ಟಡ. ಅದರ ಕಂಬಗಳ ಪಡಸಾಲೆ ಡಿಕ್ಕಿಗೆಂದೇ ಕಟ್ಟಿಸಿದಂತಿದೆ. ಶನಿವಾರ ಸಂಜೆ ರಾಹುಕಾಲ ಇಲ್ಲವೆಂದು ಶಕುಂತಲಾಬಾಯಿಯವರೇ ಪಂಚಾಂಗ ನೋಡಿ ಹೇಳಿದರು. ಗೆಳೆಯರಾದ ಪ್ರೊಫೆಸರರ ಕೋಣೆಗೆ ತಲುಪಿಸಬೇಕೆಂದು ಹೇಳಿ ವೈಶಾಲಿಯ ಕೈಗೆ ಗದ್ದದ ತನಕ ಪುಸ್ತಕ ಹೇರಿದೆ. ಪ್ರಸನ್ನನಿಗೆ ಅವನ ತಾಯಿ ಪಡಸಾಲೆಯ ಆ ತುದಿಯ ನಳದಿಂದ ಕುಡಿಯುವ ನೀರು ತರಲು ಹೇಳಿದರು. ನಾವು ಹಿರಿಯರು ಎದುರಿನ ಹುಲ್ಲುಹಾಸಿನ ಕಲ್ಲುಬೆಂಚುಗಳ ಮೇಲೆ ಒಬ್ಬರಿಗೊಬ್ಬರು ಪರಿಚಯವಿಲ್ಲದವರಂತೆ ಕೂತೆವು. ಮರೆಗಾಗಿ ಗೇಟಿನ ಹತ್ತಿರ ಅವಸರದಲ್ಲಿ ಒಂದು ಪತ್ರಿಕೆ ಕೊಂಡು ಮುಖಕ್ಕೆ ಹಿಡಿದುಕೊಂಡೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನ ಸ್ವಂತ ಮದುವೆಯಲ್ಲಿ ಅದು ಹೀಗೆ ಹೊಡೆದುಕೊಂಡ ನೆನಪಿಲ್ಲ.

ವೈಶಾಲಿ ಬಂದಳು. ಪ್ರಸನ್ನ ಬಾಟಲಿ ಹಿಡಿದು ಮೂಲೆಯಲ್ಲಿ ತಿರುಗಿದ. ನಾನು ಪತ್ರಿಕೆಯ ಅಂಚಿನಿಂದ ಇಣುಕಿದೆ. ಹುಡುಗ ಅವಳನ್ನು ಕಂಡವನೇ ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ದಾರಿ ಬಿಟ್ಟುಕೊಟ್ಟ.

ನನ್ನ ಲೆಕ್ಕ ತಪ್ಪಿದ್ದು ಅಲ್ಲಿ. ಆಸಿಡ್ಡು ಹಿಡಿದು ಓಡಾಡುವವರ ನಡುವೆ ದಿನ ಕಳೆಯುವವನಿಗೆ ಕೈತುಂಬ ಸಾಮಾನು ಹೊತ್ತವರನ್ನು ಕಂಡರೆ ಸರಿದು ನಿಲ್ಲುವುದು ರಕ್ತಗತ. ಡಿಕ್ಕಿ ಹೊಡೆಯುವುದು ಅವನ ವೃತ್ತಿಧರ್ಮಕ್ಕೇ ವಿರುದ್ಧ. ವೈಶಾಲಿ "ಥ್ಯಾಂಕ್ಸಂಡಿ" ಎಂದು ತೆಲುಗಿನ ಮರ್ಯಾದೆ ಹಚ್ಚಿ ಹೇಳಿ, ಮುಖವನ್ನೂ ನೋಡದೆ ಮುಂದೆ ನಡೆದಳು. ನನ್ನ ಕಣ್ಣಿಗೆ ರಾಯಚೂರಿನ ಬಸ್ಸು ಕಾಣತೊಡಗಿತು.

ಆಗ ಪಕ್ಕದ ಬೆಂಚಿನಿಂದ ಶಕುಂತಲಾಬಾಯಿಯವರು ಎದ್ದರು. ಪರಿಚಯವಿಲ್ಲದವರಂತೆ ಇರಬೇಕೆಂಬುದನ್ನು ಅವರು ಒಪ್ಪಿದ್ದರು, ನಿಜ. ಆದರೆ ಕಣ್ಣಾರೆ ಕಂಡ ಹೆಣ್ಣುಮಗಳನ್ನು, ಅದೂ ಸೊಸೆಯಾಗಬಹುದಾದವಳನ್ನು, ಕುಂಕುಮ ಹಚ್ಚದೆ ಉಡಿ ತುಂಬದೆ ಬರಿಗೈಲಿ ಕಳಿಸುವುದಕ್ಕೆ ಅವರು ಒಪ್ಪಿರಲಿಲ್ಲ. ಕೈಚೀಲದೊಂದಿಗೆ ಅವರು ಮೆಟ್ಟಿಲೇರಿದ ವೇಗವನ್ನು ಮೊಣಕಾಲು ನೋವಿರುವ ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ.

"ನಿಂದ್ರವ್ವಾ ಒಂದೀಟು. ಕುಂಕುಮ ತಗೊಂಡು ಹೋಗು."

ವೈಶಾಲಿ ನಿಂತಳು. ಕೈ ತುಂಬ ಪುಸ್ತಕ. ಬೇಡವೆನ್ನಲು ಗದ್ದವೂ ಅಲ್ಲಾಡದು. ಶಕುಂತಲಾಬಾಯಿಯವರು ಅರಿಶಿನ ಹಚ್ಚಿದರು, ಕುಂಕುಮವಿಟ್ಟರು. ಉಡಿಯೊಡ್ಡಲು ಸೆರಗಿಲ್ಲವೆಂದು ಒಂದು ಕ್ಷಣ ಯೋಚಿಸಿ, ಕುಪ್ಪಸದ ಖಣವನ್ನು ಪುಸ್ತಕಗಳ ಮೇಲೆ ಹಾಸಿ, ಅದರ ಮೇಲೆ ತೆಂಗಿನಕಾಯಿಯನ್ನು ಇಟ್ಟರು.

ಗೋಪುರ ಕುಸಿಯಿತು. ಪುಸ್ತಕಗಳು ಪಡಸಾಲೆಯ ತುಂಬ ಹರಡಿದವು. ತೆಂಗಿನಕಾಯಿ ಮಾತ್ರ ಮೆಟ್ಟಿಲುಗಳನ್ನು ಹಿಡಿದು, ಒಂದೊಂದರ ಮೇಲೂ ಸದ್ದು ಮಾಡುತ್ತ, ಘನತೆಯಿಂದ ಇಳಿಯತೊಡಗಿತು. ಅದರ ಹಿಂದೆ ಬಾಟಲಿ ಬಿಸುಟು ಪ್ರಸನ್ನ ಓಡಿದ. ಕೂತು ಓದುತ್ತಿದ್ದ ವಿದ್ಯಾರ್ಥಿಗಳು ಎದ್ದು ನಿಂತರು. ಯಾರೋ ಸಿಳ್ಳೆ ಹಾಕಿದರು. ಕೆಳಗಿನ ಮೆಟ್ಟಿಲಲ್ಲಿ ಅವನು ಮುಗ್ಗರಿಸಿ ಅದನ್ನು ಅಪ್ಪಿಕೊಂಡಾಗ ಚಪ್ಪಾಳೆ ಬಿತ್ತು. ಅಂಗಿಯ ತುಂಬ ನೀರು. ಕಾಯಿ ಒಡೆದಿತ್ತು.

ಅವನು ಮೇಲೆ ಬಂದು ವೈಶಾಲಿಯ ಮುಂದೆ ನಿಂತ. "ಇದು ನಿಮ್ದು ಅಂತ ಕಾಣಸ್ತದ್ರಿ."

"ನಂದಲ್ರಿ, ಇವರದು. ಇವರು ಯಾರೋ ನನಗ ಗೊತ್ತಿಲ್ಲ."

"ನನಗ ಗೊತ್ತೈತ್ರಿ. ನಮ್ಮವ್ವ."

ಅವನ ತಾಯಿಯ ಲಕ್ಷ್ಯ ಬೇರೆಡೆಗಿತ್ತು. "ಉಡಿ ತುಂಬೂ ಕಾಯಿ ಒಡೀತಲ್ಲೋ" ಎಂದು ಮುಖ ಸಣ್ಣ ಮಾಡಿದರು.

"ದೇವರ ಮುಂದ ಒಡೀತೀವಿಲ್ಲೇನು ಬೇ? ಇಲ್ಲಿ ಕಾಲೇಜಿನ ಮುಂದ ಒಡದೀವಿ, ತಗೋ."

ವೈಶಾಲಿ ನಗತೊಡಗಿದ್ದು ಆಗ. ನಿಲ್ಲಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅರಿಶಿನದ ಕೆನ್ನೆ, ಹಣೆಯಿಂದ ಮೂಗಿಗಿಳಿದ ಕುಂಕುಮ, ಸುತ್ತಲೂ ಪುಸ್ತಕ, ಇಡೀ ಕಾಲೇಜು ನೋಡುತ್ತಿದೆ, ಹುಡುಗಿಗೆ ಪರಿವೆಯಿಲ್ಲ. ಹುಡುಗನೂ ಒದ್ದೆ ಅಂಗಿಯಲ್ಲೇ ನಗುತ್ತಿದ್ದ. ಆ ಸಿನಿಮಾಗಳ ಗುಟ್ಟು ನನಗೆ ಹೊಳೆದದ್ದು ಅಲ್ಲಿಯೇ. ಅವುಗಳ ಸೊಗಸು ಕಪಾಟಿನಲ್ಲೂ ಇಲ್ಲ, ಕನ್ನಡಕದಲ್ಲೂ ಇಲ್ಲ. ಊರೆದುರಿಗೆ ಪೂರ್ತಿ ಪೆದ್ದರಾದ ಮೇಲೂ ಪ್ರಪಂಚ ಮುಳುಗುವುದಿಲ್ಲ, ಒಬ್ಬರಾದರೂ ಪಕ್ಕದಲ್ಲಿ ನಿಂತು ನಗುತ್ತಾರೆ ಎಂಬ ಭರವಸೆಯಲ್ಲಿದೆ. ಪಾಪ, ಅಲ್ಲಿಯವರು ಆ ಪರೀಕ್ಷೆಗೆ ಹದಿನೇಳಕ್ಕೇ ಕೂಡುತ್ತಾರೆ. ನಮ್ಮವರಿಗೆ ರ‍್ಯಾಂಕು ಬಂದು, ನೌಕರಿ ಸಿಕ್ಕು, ಅನಂತರ ಬಿಡುವಾಗಬೇಕು.

ಕಣ್ಣೊರೆಸಿಕೊಂಡು ವೈಶಾಲಿ ಸುತ್ತ ನೋಡಿದಳು. ನೇರ ನನ್ನ ಬೆಂಚಿಗೆ ಬಂದಳು.

"ಮಾಮಾ, ಪೇಪರ್ ಇಳಸ್ರಿ."

ಇಳಿಸಲಿಲ್ಲ.

"ನಿಮಗ ಉರ್ದು ಓದಾಕ ಯಾವಾಗಿಂದ ಬರ್ತೈತಿ?"

ಆಗಲೇ ನಾನು ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದ್ದು. ಇಳಿಸಿದೆ. ಪಕ್ಕದಲ್ಲಿ ಸುಶೀಲೆ, "ನಾ ಬ್ಯಾಡಂತ ಹೇಳಿದ್ದೆವ್ವಾ" ಎಂದು ತತ್‌ಕ್ಷಣ ಪಕ್ಷಾಂತರ ಮಾಡಿದಳು.

"ನಿಮ್ಮವ್ವಗ ಏನಂತ ಹೇಳ್ಲಿ?" ಎಂದೆ.

ಅವಳು ತಿರುಗಿ ನೋಡಿದಳು. ಪ್ರಸನ್ನ ಮೊಣಕಾಲೂರಿ ಪುಸ್ತಕಗಳನ್ನು ಅಳತೆವಾರು ಜೋಡಿಸುತ್ತಿದ್ದ. "ಹೂಂ ಅಂದಿಲ್ಲ, ಉಹೂಂ ಅಂತೂ ಅಂದಿಲ್ಲ ಅಂತ ಹೇಳ್ರಿ. ಮುಂದಿನ ಶನಿವಾರ ಮತ್ತ ಭೇಟಿ ಆಗ್ತೀವಿ ಅಂತ ಹೇಳ್ರಿ. ರಾಯಚೂರಿನ ಮಾತು ಎತ್ತಬಾರ್ದು ಅಂತ ಅದನ್ನೂ ಹೇಳ್ರಿ. ನೀವು ಯಾರೂ ಬರೂದು ಬ್ಯಾಡ."

"ನಾ ದೂರ ಕೂಡ್ತೀನವ್ವಾ, ನಿಮಗ ಕಾಣಂಗಿಲ್ಲ" ಎಂದರು, ಅವಳ ಹಿಂದೆಯೇ ಬಂದಿದ್ದ ಶಕುಂತಲಾಬಾಯಿ.

"ಅವ್ವಾ, ನೀ ಗುಲ್ಬರ್ಗಾದಾಗ ಕೂಡು" ಎಂದು ಮೇಲಿನಿಂದಲೇ ಕೂಗಿದ ಮಗ, ತಲೆ ಎತ್ತದೆ.

ಆ ಸಿನಿಮಾಗಳಲ್ಲಿ ಅಪ್ಪ ಅಮ್ಮಂದಿರಿಗೂ ಒಂದು ಪಾತ್ರವಿದೆ. ಬಾಗಿಲಲ್ಲಿ ನಿಂತು ಒಂದು ಪೆದ್ದುಮಾತು ಆಡಬೇಕು, ಆಮೇಲೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೋಗಬೇಕು. ಅಂಥ ದೃಶ್ಯ ಬಂದಾಗಲೆಲ್ಲ ನಾನು ನೀರು ಕುಡಿಯಲು ಏಳುತ್ತಿದ್ದೆ. ಪಾತ್ರದ ಮೊದಲರ್ಧವನ್ನು ಈಗ ಕಲೆಯಾಗಿ ಅಭಿನಯಿಸಿ ಮುಗಿಸಿದ್ದೆ. ಉಳಿದರ್ಧ ಕಷ್ಟದ್ದೆಂದು ಅವತ್ತು ತಿಳಿಯಿತು. ಇಬ್ಬರು ಹೆಂಗಸರನ್ನೂ ಹೊರಡಿಸಿಕೊಂಡು ಗೇಟಿನ ಕಡೆ ನಡೆದೆ. ಹಿಂದಿರುಗಿ ನೋಡಬಾರದೆಂದು ಇಬ್ಬರಿಗೂ ತಾಕೀತು ಮಾಡಿದೆ. ಅವರು ನೋಡಲಿಲ್ಲ. ಗೇಟಿನಲ್ಲಿ ನಾನು ನೋಡಿದೆ.

ಮೆಟ್ಟಿಲ ಮೇಲೆ ಇಬ್ಬರೂ ಕೂತು ಒಡೆದ ಕಾಯಿಯ ಚೂರು ಬಿಡಿಸಿಕೊಂಡು ತಿನ್ನುತ್ತ ಏನೋ ಜಗಳವಾಡುತ್ತಿದ್ದರು. ನಾನು ಕೈಯೆತ್ತಿ ಬೀಸಿದೆ. ನಾವು ಹೋದದ್ದನ್ನೇ ಅವರು ಗಮನಿಸಿರಲಿಲ್ಲ. ಬೇರೆಯವರಿಗೆ ಹೀಗೆ ಮರೆತುಹೋಗುವುದರಲ್ಲಿ ಇಷ್ಟೊಂದು ಸುಖವಿದೆಯೆಂದು ಗೊತ್ತಿದ್ದರೆ, ನಾನು ಜೀವನದಲ್ಲಿ ಇನ್ನೂ ಎಷ್ಟೋ ಕಡೆಗಳಿಂದ ಬೇಗ ಎದ್ದು ಬಂದಿರುತ್ತಿದ್ದೆ.