ಕೆಳಗಿಡಬೇಕಿದ್ದ ಮೇಣದಬತ್ತಿ

ಮೊನ್ನೆ ವಾಲ್ನಟ್ ಕ್ರೀಕಿನ ಭಾನುವಾರದ ಸಂತೆಯಲ್ಲಿ ಜೇನುಮೇಣದ ವಾಸನೆ ಮೂಗಿಗೆ ಬಡಿಯಿತು. ಆರಿಸುತ್ತಿದ್ದ ಟೊಮ್ಯಾಟೊ ಹಾಗೇ ಬಿಟ್ಟು ನಿಂತುಬಿಟ್ಟೆ. ಪಕ್ಕದ ಮನೆಯ ಅಜ್ಜಿಯ ಕೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಅಜ್ಜಿ ಸೆರ್ಬಿಯಾದವರು. ತೊಂಬತ್ತು ದಾಟಿತ್ತು, ಮಕ್ಕಳಿರಲಿಲ್ಲ. ನಾನು ಗ್ರೋಸರಿಗೆ ಹೊರಟರೆ ಅವರಿಗೂ ಹಾಲು, ಬ್ರೆಡ್ಡು ತರುತ್ತಿದ್ದೆ. ಅವರು ಕಾಫಿ ಕೊಟ್ಟು ಕತೆ ಹೇಳುತ್ತಿದ್ದರು. ಎಷ್ಟು ಸಲ ಹೇಳಿದರೂ ಕತೆ ಒಂದೇ, ಅವರ ತಾತನದು.

ಮೊದಲ ಮಹಾಯುದ್ಧ ಶುರುವಾದ ಬೇಸಿಗೆ. ಹರೆಯದವರೆಲ್ಲ ಮೊದಲೇ ಹೋಗಿದ್ದರು. ಕೊನೆಗೆ ನಲವತ್ತರ ಆಸುಪಾಸಿನ ರೈತರಿಗೂ ಕರೆ ಬಂತು. ಅವರಿಗೆ ಕೊಡಲು ಸಮವಸ್ತ್ರವೇ ಇರಲಿಲ್ಲ. ತಾತ ಗೋಧಿ ಕೊಯ್ಯುತ್ತಿದ್ದ ಬಟ್ಟೆಯಲ್ಲೇ, ಮನೆಯಲ್ಲಿ ಹೊಲಿದ ಚರ್ಮದ ಚಪ್ಪಲಿ ಮೆಟ್ಟಿ, ಹಳೇ ಬಂದೂಕು ಹೊತ್ತು ನಡೆದ. ಅಂಥವನು ಸತ್ತುಬಿದ್ದರೆ ಸಿಪಾಯಿಯೋ ಹೊಲದ ಆಳೋ ಎಂದು ಯಾರಿಗೆ ಗೊತ್ತಾಗಬೇಕು? ಅವನು ಮರಳಿ ಬರಲಿಲ್ಲ, ಸತ್ತವರ ಯಾವ ಪಟ್ಟಿಯಲ್ಲೂ ಅವನ ಹೆಸರು ಬರಲಿಲ್ಲ.

ಅವರ ಚರ್ಚಿನಲ್ಲಿ ಜೇನುಮೇಣದ ಬತ್ತಿ ಹಚ್ಚಿಡಲು ಎರಡು ಜಾಗ. ಮೇಲಿನದು ಬದುಕಿರುವವರಿಗೆ, ನೆಲದ ಹತ್ತಿರದ ಮರಳಿನ ತಟ್ಟೆ ಸತ್ತವರಿಗೆ. ಸಾವಿನ ಸುದ್ದಿ ಬರಲಿಲ್ಲವಲ್ಲ, ತಾತನ ಹೆಂಡತಿ ಕೊನೆಯ ತನಕ ಮೇಲೇ ಹಚ್ಚಿದಳು. ಆಮೇಲೆ ಅವಳ ಮಗಳು. ಆಮೇಲೆ ಈ ಅಜ್ಜಿ, ಸಮುದ್ರ ದಾಟಿ ಬಂದ ಮೇಲೂ. ನೂರು ವರ್ಷ ಮೀರಿತು... ಆ ಮನುಷ್ಯ ಸಾಯಲೇ ಇಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಮ್ಮಲ್ಲಿ ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯ್ತಾರೆ ಅಜ್ಜಿ. ಆಮೇಲೆ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮುಗಿಸಿಬಿಡ್ತಾರೆ" ಎಂದೆ. ಅವರು ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಸುರಿದರು. ವಾರದ ಮೇಲೆ ನಮ್ಮ ಬಾಗಿಲಿಗೆ ಬಂದರು.

"ಚರ್ಚಿಗೆ ಕರ್ಕೊಂಡು ಹೋಗು. ನಾನು ಹೋದಮೇಲೆ ಅವನನ್ನ ಯಾರು ನೋಡ್ಕೋತಾರೆ? ಇವತ್ತು ಮಲಗಿಸಿಬಿಡೋಣ."

ಅವರ ಮಂಡಿ ಬಗ್ಗುತ್ತಿರಲಿಲ್ಲ. ಹಚ್ಚಿದ ಬತ್ತಿಯನ್ನು ನನ್ನ ಕೈಗೆ ಕೊಟ್ಟು, ಕೆಳಗಿಡು ಎಂದು ಕಣ್ಣು ಮುಚ್ಚಿದರು. ನನಗೆ ಎಲ್ಲ ಗೊತ್ತಿತ್ತು. ಆದರೂ ಹಿರಿಯರ ಹೆಸರಿನ ದೀಪವನ್ನು ಕಾಲ ಬಳಿ ಇಡಲು ಮೈಸೂರಿನಲ್ಲಿ ಬೆಳೆದ ಕೈ ಒಪ್ಪಲಿಲ್ಲ. ಯೋಚಿಸುವ ಮೊದಲೇ ಮೇಲೆ ನೆಟ್ಟುಬಿಟ್ಟಿತ್ತು. ಅಜ್ಜಿ ಕಣ್ಣು ಬಿಟ್ಟು ನೋಡಿದರು. ತೆಗೆಯಲು ಹೋದೆ, ಕೈ ಹಿಡಿದು ತಡೆದರು.

ಪಾರ್ಕಿಂಗ್ ಲಾಟಿನಲ್ಲಿ ಅವರು ಕಾರಿನ ಹಿಂದಿನ ಬಾಗಿಲು ತೆರೆದು, ಯಾರೋ ಹತ್ತಲಿ ಎಂಬಂತೆ ನಿಂತು, ಮುಚ್ಚಿ, ಮುಂದೆ ಬಂದು ಕೂತರು. ಫ್ರೀವೇ ಸೇರುವಷ್ಟರಲ್ಲಿ ಹಿಂದಿನ ಸೀಟಿನ ಬೆಲ್ಟು ಹಾಕಿಲ್ಲವೆಂದು ಕಾರು ಟಣ್ ಟಣ್ ಎಂದು ಬಡಿದುಕೊಳ್ಳತೊಡಗಿತು. ಕನ್ನಡಿಯಲ್ಲಿ ನೋಡಿದೆ. ಸೀಟಿನ ಮೇಲೆ ಒಂದು ಚೀಲವೂ ಇರಲಿಲ್ಲ.

"ಹಳ್ಳಿಯವನು. ಬೆಲ್ಟು ಗೊತ್ತಿಲ್ಲ" ಎಂದರು ಅಜ್ಜಿ, ಕ್ಷಮೆ ಕೇಳುವ ದನಿಯಲ್ಲಿ. ಮನೆ ಬರುವವರೆಗೂ ಆ ಸದ್ದು ನಿಲ್ಲಲಿಲ್ಲ.

ಆ ತಿಂಗಳೇ ಅಜ್ಜಿ ತೀರಿಕೊಂಡರು. ಅವರು ಮಾಡಿ ಮುಗಿಸಬೇಕೆಂದಿದ್ದ ಒಂದೇ ಒಂದು ಕೆಲಸ ನನ್ನಿಂದ ಕೆಟ್ಟಿತು. ಆ ಸಂಕಟ ಇನ್ನೂ ಹೋಗಿಲ್ಲ.

ಮೊನ್ನೆ ಸಂತೆಯಿಂದ ನೇರ ಚರ್ಚಿಗೆ ಹೋದೆ. ಅಜ್ಜಿಯ ಹೆಸರಿನ ಬತ್ತಿಯನ್ನು ಮರಳಲ್ಲಿ ನೆಟ್ಟೆ. ಪಕ್ಕದಲ್ಲೇ ಅವರ ತಾತನದೂ ನೆಟ್ಟು ಮುಗಿಸೋಣವೆಂದು ಬಗ್ಗಿದೆ... ಆಗಲಿಲ್ಲ. ಅವನು ಸತ್ತ ಎಂದು ಹೇಳಲು ನಾನು ಯಾರು? ಎದ್ದು ಮೇಲೆಯೇ ಇಟ್ಟೆ. ಈಗ ಅವನನ್ನು ಬದುಕಿಸಿಟ್ಟುಕೊಂಡಿರುವವಳು ನಾನೊಬ್ಬಳೇ. ನನಗೆ ಅವನ ಹೆಸರೂ ಗೊತ್ತಿಲ್ಲ.