ಪಂಪು ಕೂಗಿದರೆ ಪ್ರೋಗ್ರಾಮು

ಗಂಡಸಿಯ ಪ್ರೌಢಶಾಲೆಗೆ ಕಂಪ್ಯೂಟರ್ ಕಲಿಸಲು ಬಂದ ಮೊದಲ ದಿನ ನಾನಿನ್ನೂ ಹೆಸರು ಹೇಳಿ ಮುಗಿಸಿರಲಿಲ್ಲ, ಪಕ್ಕದ ತೆಂಗಿನ ತೋಟದಲ್ಲಿ ಪಂಪ್‌ಸೆಟ್ಟೊಂದು ತನ್ನಷ್ಟಕ್ಕೆ ತಾನೇ ಗುರ್ ಎಂದಿತು. ಅಷ್ಟೇ. ಎದುರಿಗೆ ಕೂತಿದ್ದ ಇಡೀ ಹತ್ತನೇ ತರಗತಿ ಎದ್ದು ಬಾಗಿಲಿನಿಂದ ಹೊರಗೆ ಓಡಿತು. ಹಾವು ಬಂತೋ ಬೆಂಕಿ ಬಿತ್ತೋ ಎಂದು ನಾನೂ ಹಿಂದೆಯೇ ಓಡಿದೆ. ಪಕ್ಕದ ಕೋಣೆಯಿಂದ ಹೊರಬಂದ ಕನ್ನಡ ಮೇಷ್ಟ್ರು ನನ್ನ ಗಾಬರಿ ನೋಡಿ ನಕ್ಕರು.

"ಕರೆಂಟ್ ಬಂತು ಕಣಮ್ಮ. ಹುಡುಗ್ರು ಲ್ಯಾಬಿಗೆ ಹೋದ್ರು. ನೀವೂ ಹೋಗಿ, ಇದು ಹೋದ್ರೆ ಮತ್ತೆ ಯಾವಾಗ್ಲೋ."

ಇಲ್ಲಿ ಹಗಲು ಹೊತ್ತು ಕರೆಂಟು ಬರುವುದೇ ತೋಟಗಳಿಗಾಗಿ. ರೈತರು ಪಂಪಿಗೆ ಆಟೋ ಸ್ಟಾರ್ಟರ್ ಕೂರಿಸಿರುತ್ತಾರೆ, ವಿದ್ಯುತ್ತು ಬಂದ ಕ್ಷಣ ಮೋಟಾರು ತಾನೇ ತಿರುಗುತ್ತದೆ. ಆ ಸದ್ದೇ ನಮ್ಮ ಶಾಲೆಯ ಕಂಪ್ಯೂಟರ್ ಪಿರಿಯಡ್ಡಿನ ಗಂಟೆ. ಗಣಿತದ ಮೇಷ್ಟ್ರು ಅರ್ಧ ಲೆಕ್ಕದಲ್ಲಿದ್ದರೂ ಸೀಮೆಸುಣ್ಣ ಕೆಳಗಿಟ್ಟು "ಹೋಗ್ರಪ್ಪ" ಎನ್ನುತ್ತಾರೆ. ನಮ್ಮ ಧಾರವಾಡದಲ್ಲಿ ಒಬ್ಬ ಮಾಸ್ತರರ ಪಿರಿಯಡ್ಡನ್ನು ಇನ್ನೊಬ್ಬರು ಮುಟ್ಟಿದರೆ ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಮಾತು ನಿಂತುಹೋಗುತ್ತದೆ. ಇಲ್ಲಿ ಎರಡು ವರ್ಷದಲ್ಲಿ ಯಾರೊಬ್ಬರೂ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ.

ಕರೆಂಟಿಲ್ಲದ ಹೊತ್ತಿನಲ್ಲಿ ನೆಲವೇ ನಮ್ಮ ಕಂಪ್ಯೂಟರು. ಸೀಮೆಸುಣ್ಣದಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಸಾಲುಗಳನ್ನು ವರಾಂಡದುದ್ದಕ್ಕೂ ಬರೆಯುತ್ತೇವೆ. ಒಬ್ಬ ಹುಡುಗಿ ಬರೆದದ್ದನ್ನು ಓದಿ ಹೇಳುತ್ತಾ ಸಾಲಿನಿಂದ ಸಾಲಿಗೆ ನಡೆಯುತ್ತಾಳೆ, ಇನ್ನೊಬ್ಬಳು ಹುಣಸೆಬೀಜ ತುಂಬಿದ ಡಬ್ಬ ಹಿಡಿದು ಅವಳು ಹೇಳಿದಷ್ಟು ಹಾಕುತ್ತಾಳೆ, ತೆಗೆಯುತ್ತಾಳೆ. ನೆಲದ ಮೇಲೆ ಸರಿಯಾಗಿ ನಡೆದ ಪ್ರೋಗ್ರಾಮಿಗೇ ಮೊದಲು ಯಂತ್ರದ ಮುಂದೆ ಜಾಗ. ಇದನ್ನು ನಾನು ಕಲಿಸಿದ್ದಲ್ಲ, ನಾನು ಬರುವ ಮುಂಚೆಯೇ ಇವರು ರೂಢಿಸಿಕೊಂಡಿದ್ದರು. ನಾನು ಪುಣೆಯ ಕಂಪನಿಯಲ್ಲಿ ಗಾಜಿನ ಕೋಣೆಯಲ್ಲಿ ಕೂತು ಪ್ರೋಗ್ರಾಮ್ ಬರೆದವಳು. ಅಲ್ಲಿ ಇಷ್ಟು ಖುಷಿಯಿಂದ ಕೆಲಸ ಮಾಡುವವರು ಯಾರೂ ಇರಲಿಲ್ಲ.

ನನಗೆ ಬಾಡಿಗೆಗೆ ರೂಮು ಕೊಟ್ಟವರು ತೆಂಗಿನಕಾಯಿ ವ್ಯಾಪಾರ ಮಾಡುವ ಪುಟ್ಟಸ್ವಾಮಿಯವರು. ಅವರ ಹೆಂಡತಿ ರತ್ನಮ್ಮ, ಮಗಳು ಸುಮಿತ್ರಾ. ಸುಮಿತ್ರಾ ನನ್ನ ತರಗತಿಯಲ್ಲೇ ಇದ್ದಳು. ಮೊದಲ ರಾತ್ರಿ ತಟ್ಟೆಗೆ ಮುದ್ದೆ ಬಂತು. ಜೋಳದ ರೊಟ್ಟಿಯನ್ನು ಕರುಮುರು ಜಗಿದು ಬೆಳೆದ ನಾನು ಮುದ್ದೆಯನ್ನೂ ಶ್ರದ್ಧೆಯಿಂದ ಜಗಿಯತೊಡಗಿದೆ. ಅದು ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಂಡು ಬಾಯಿ ಬಿಡಲೂ ಆಗದೆ ಕೂತೆ.

"ಅಯ್ಯೋ, ಅಗೀಬ್ಯಾಡಿ ಮೇಡಮ್ಮೋರೆ, ನುಂಗಿ ನುಂಗಿ!" ಎಂದು ರತ್ನಮ್ಮ ಕೂಗಿದರು. ಬಾಯಿ ಬಿಟ್ಟ ಮೇಲೆ ನಾನು "ಹಿಂಗ ನುಂಗೂದು ಹೆಂಗ್ರಿ?" ಎಂದೆ. "ಅವ್ರು ಕೇಳ್ತಾವ್ರೋ ಬೈತಾವ್ರೋ ಗೊತ್ತಾಗಲ್ಲ ಕಣೇ" ಎಂದು ರತ್ನಮ್ಮ ಮಗಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಮಾತು ಗಟ್ಟಿಯಾದರೆ ಜಗಳ ಎಂದುಕೊಳ್ಳುವ ಸೀಮೆ ಇದು. ನಾನು ದನಿ ತಗ್ಗಿಸಲು ಕಲಿಯುವಷ್ಟರಲ್ಲಿ ರತ್ನಮ್ಮ "ಬರ್ರಿ, ಕೂಡ್ರಿ" ಎನ್ನಲು ಕಲಿತಿದ್ದರು. ಮುದ್ದೆ ನುಂಗುವುದನ್ನು ಕಲಿಯಲು ಮಾತ್ರ ಒಂದು ಮಳೆಗಾಲವೇ ಬೇಕಾಯಿತು. ಕಲಿತ ದಿನ ಮೂವರೂ ಊಟ ಬಿಟ್ಟು ಚಪ್ಪಾಳೆ ತಟ್ಟಿದರು.

ಒಮ್ಮೆ ಕಾಯಿಗಳನ್ನು ನೂರರ ಗುಡ್ಡೆಯಾಗಿ ಎಣಿಸುವ ಪ್ರೋಗ್ರಾಮ್ ಬರೆಯಲು ಹೇಳಿದ್ದೆ. ಸುಮಿತ್ರಾಳ ಎಣಿಕೆ ನೂರಕ್ಕೆ ನಿಲ್ಲದೆ ಮುಂದಕ್ಕೆ ಹೋಯಿತು. ತಪ್ಪು ಎಂದು ಗೀಟು ಹಾಕಿದೆ. ಅವಳು ಎದ್ದು ನಿಂತು, "ನೂರಕ್ಕೆ ನಿಲ್ಸುದ್ರೆ ಯಾಪಾರಿ ಕಾಯಿ ಎತ್ತಲ್ಲ ಮೇಡಂ, ಕೊಸರು ಹಾಕ್ಬೇಕು" ಎಂದಳು. ಕೊಸರೆಂದರೆ ಎಣಿಸಿ ಮುಗಿದ ಮೇಲೆ ಕೊಳ್ಳುವವನಿಗೆ ಬಿಡುವ ಹೆಚ್ಚಿನ ಕಾಯಿ. ಇಡೀ ತರಗತಿ ಹೌದು ಎಂದಿತು. ಹಿಂದಿನ ಬೆಂಚಿನವನೊಬ್ಬನ ಪರದೆಯ ಮೇಲೆ ಒಂದು ಎನ್ನುವ ಕಡೆ ಇಂಗ್ಲಿಷ್ ಅಕ್ಷರದಲ್ಲಿ 'ಲಾಭ' ಎಂದು ಬಂದಿತ್ತು. ನಮ್ಮ ಕಡೆ ಜೋಳ ಅಳೆಯುವಾಗ ಮೊದಲ ಅಳತೆಗೆ ಹೇಳುವ ಮಾತೇ ಅದು. ಇಷ್ಟು ದೂರದಲ್ಲಿ ಅದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಹುಡುಗರು ನಾನು ಸಿಟ್ಟಾದೆ ಎಂದುಕೊಂಡರು.

ಎಸ್ಸೆಸ್ಸೆಲ್ಸಿಯಲ್ಲಿ ಸುಮಿತ್ರಾ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅದೇ ವಾರ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಂಚಿದ ಕರಪತ್ರವೊಂದನ್ನು ಹಿಡಿದು ಮನೆಗೆ ಬಂದಳು. ಹಾಸನದ ಖಾಸಗಿ ಕಂಪ್ಯೂಟರ್ ತರಬೇತಿ, ಒಂದೇ ವರ್ಷ, ಕೆಲಸ ಗ್ಯಾರಂಟಿ ಎಂದಿತ್ತು. ಪಿಯುಸಿ ಬೇಡ, ಇದಕ್ಕೇ ಸೇರುತ್ತೇನೆ ಎಂದು ಹಟ ಹಿಡಿದಳು. ಸಂಜೆ ಜಗಲಿಯ ಮೇಲೆ ಹೆಂಡತಿ, ಮಗಳ ಎದುರಿಗೇ ಪುಟ್ಟಸ್ವಾಮಿ ನನ್ನನ್ನು ಕೂರಿಸಿ ಕೇಳಿದರು.

"ನೀವು ಆ ಕೆಲ್ಸ ಮಾಡಿದೋರು. ನೀವು ಹೂಂ ಅಂದ್ರೆ ನಾಳೇನೇ ಸೇರಿಸ್ಬುಡ್ತೀನಿ."

ಅಂಥ ತರಬೇತಿಯ ಸರ್ಟಿಫಿಕೇಟ್ ಹಿಡಿದು ಪುಣೆಯ ನಮ್ಮ ಆಫೀಸಿನ ಬಾಗಿಲಿಗೆ ಬಂದವರನ್ನು ನಾನು ನೋಡಿದ್ದೆ. ಅವರನ್ನು ಯಾರೂ ಒಳಗೆ ಕರೆಯುತ್ತಿರಲಿಲ್ಲ. ಹೂಂ ಎಂದರೆ ಹುಡುಗಿಯ ಓದು ಹತ್ತಕ್ಕೇ ನಿಲ್ಲುತ್ತದೆ. ಊಹೂಂ ಎಂದರೆ ಸುಮ್ಮನೆ ಬಿಡುವವಳಲ್ಲ, ಕಾರಣ ಕೇಳುತ್ತಾಳೆ. ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ. ಪುಣೆಯಲ್ಲಿ ನಾನು ಮಾಡಿದ್ದು ದೊಡ್ಡ ಸೃಷ್ಟಿಕಾರ್ಯವೇನಲ್ಲ. ಯಾರೋ ಎಂದೋ ಬರೆದ ಪ್ರೋಗ್ರಾಮಿನಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟಿದ್ದನ್ನು ಹುಡುಕಿ ಹುಡುಕಿ ನಾಲ್ಕು ಮಾಡುವ ಕೆಲಸ, ಎರಡು ಸಾವಿರ ಇಸವಿ ಬಂದಾಗ ಯಂತ್ರ ಅದನ್ನು ಸಾವಿರದ ಒಂಬೈನೂರು ಎಂದುಕೊಳ್ಳದಿರಲಿ ಎಂದು. ಹೊಸ ಶತಮಾನ ಬಂತು, ಆ ಕೆಲಸ ತೀರಿತು. ಆಮೇಲೆ ಬೇರೆ ಕೆಲಸ ಬರುತ್ತದೆ ಎಂದು ಕಾಯಿಸಿದರು. ಒಂದು ದಿನ ಊಟದ ಹೊತ್ತಿಗೆ ಕರೆದು ಕೊರಳಿನ ಗುರುತಿನ ಚೀಟಿ ಬಿಚ್ಚಿಸಿಕೊಂಡರು. ನನಗಿಂತ ಜಾಣರೂ ಆ ದಿನ ಹೊರಬಿದ್ದರು.

ಪುಟ್ಟಸ್ವಾಮಿ ಅಂಗಳದ ಕಾಯಿಗುಡ್ಡೆಯ ಕಡೆ ನೋಡಿ ಹೇಳಿದರು. "ಅಂದ್ರೆ ನಮ್ಮ ಕಾಯಿ ಸುಲಿಯೋರ ಹಂಗೇಯ. ಲೋಡ್ ಇದ್ರೆ ಕರೀತಾರೆ, ಇಲ್ದಿದ್ರೆ ಮನೇಗೆ ಹೋಗು ಅಂತಾರೆ."

"ಹೌದ್ರಿ. ಆದ್ರ ಲೋಡ್ ಬಂದಾಗ ಮೊದಲ ಕರಿಯೂದು ಓದಿದವ್ರನ್ನ."

ರತ್ನಮ್ಮ ಬೇರೆಯದನ್ನೇ ಕೇಳಿದರು. "ಕೆಲ್ಸ ಹೋದಾಗ ನಿಮ್ಮವ್ವ ಏನಂದ್ರು?"

"ಮಂದೀಗೆ ಏನಂತ ಹೇಳೂಣು ಅಂದ್ಲು."

ರತ್ನಮ್ಮ ಎದ್ದು ಬಂದು ನನ್ನ ಪಕ್ಕ ಕೂತರು. ಸುಮಿತ್ರಾ ಮಾತ್ರ ಕರಪತ್ರವನ್ನು ಮುದುರಿ ಎಸೆದು ಒಳಗೆ ಹೋದಳು. ವಾರವಿಡೀ ನನ್ನ ಜೊತೆ ಮಾತಿಲ್ಲ. ನಾನು ಹಿತ್ತಲಿಗೆ ಬಂದರೆ ಅವಳು ಬೀದಿಗೆ. ಆ ಮನೆಯಲ್ಲಿ ಮೊದಲ ಸಲ ನಾನು ಪರದೇಶಿ ಅನ್ನಿಸಿತು. ಕೊನೆಗೆ ಒಂದು ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು ಕೇಳಿದಳು.

"ಪುಣೆಯೋರು ನಿಮ್ಗೆ ಅಷ್ಟೆಲ್ಲ ಮಾಡಿದ್ರಲ್ಲ, ಈಗ ಅವ್ರೇ ಮತ್ತೆ ಕರುದ್ರೆ ಹೋಯ್ತೀರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೋಗ್ತೀನಿ" ಎಂದೆ. "ತಪ್ಪು ಎಲ್ಲೈತಿ ಅಂತ ಹುಡುಕಿ ಸಿಕ್ಕಾಗ ಆಗೂ ಖುಷಿ ನಿನಗೂ ಗೊತ್ತೈತಿ. ಅದಕ್ಕ ಹೋಗ್ತೀನಿ."

"ಹಂಗಾದ್ರೆ ನಾನೂ ಅದಕ್ಕೇ ಹೋಯ್ತೀನಿ. ಓದ್ಕಂಡೇ ಹೋಯ್ತೀನಿ, ಬುಡಿ." ಮರುದಿನ ಅಪ್ಪನ ಜೊತೆ ಅರಸೀಕೆರೆಗೆ ಹೋಗಿ ಪಿಯುಸಿ ಸೈನ್ಸಿಗೆ ಸೇರಿಕೊಂಡಳು. ಈಗ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಭಾನುವಾರ ನನ್ನ ರೂಮಿನಲ್ಲಿ ಕೂತು ಕಾಲೇಜಿನ ಲೆಕ್ಚರರ್‌ಗಳನ್ನು ಅಣಕಿಸುತ್ತಾ ಲೆಕ್ಕ ಬಿಡಿಸುತ್ತಾಳೆ.

ಹೋದ ತಿಂಗಳು ಪುಣೆಯಿಂದ ನಿಜವಾಗಿಯೂ ಕರೆ ಬಂತು. ಹೊಸ ಕೆಲಸ ಬಂದಿದೆ, ಬರುತ್ತೀಯಾ ಎಂದು ಹಳೆಯ ಟೀಮಿನವರು ಕೇಳಿದರು. ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನು ಹಚ್ಚಿದೆ. ಅವ್ವನ ದನಿ ಹಬ್ಬದ ದಿನದ ಹಾಗೆ ಏರಿತು. "ಈ ಸಲ ಪರ್ಮನೆಂಟ್ ಏನವಾ?" ಎಂದಳು. ಗೊತ್ತಿಲ್ಲ ಎಂದೆ. "ಹಂಗಂದ್ರ ಯಾರಿಗೂ ಹೇಳಬ್ಯಾಡ ಈಗ" ಎಂದಳು. ಅವಳನ್ನು ದೂರುವುದಿಲ್ಲ. ನಮ್ಮ ಓಣಿ ಯಾವ ಮಾತನ್ನೂ ಮರೆಯುವುದಿಲ್ಲ ಎನ್ನುವುದು ನನಗೂ ಗೊತ್ತು.

ಮನೆಗೆ ಬಂದು ಸುದ್ದಿ ಹೇಳಿದಾಗ ಸುಮಿತ್ರಾಳ ಮುಖ ಸಪ್ಪಗಾಯಿತು. "ಶಾಲೆ ಹುಡುಗ್ರು?" ಎಂದಳು. ಪುಣೆಗೆ ನಾನಿನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಹೋಗಬೇಕು ಅನ್ನಿಸುತ್ತದೆ. ತೋಟದ ಪಂಪು ಸದ್ದು ಮಾಡಿದರೆ ಕಾಲು ತಾನಾಗಿ ಲ್ಯಾಬಿನ ಕಡೆ ತಿರುಗುತ್ತದೆ.

ಅವತ್ತು ಸುದ್ದಿ ಕೇಳಿದ ರತ್ನಮ್ಮ, ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು, ತಿರುಗಿಯೂ ನೋಡದೆ ಹೇಳಿದರು. "ಹೋಗ್ಬನ್ನಿ. ರೂಮು ಯಾರ್ಗೂ ಕೊಡಾಕಿಲ್ಲ. ಮತ್ತೆ ತೆಗುದಾಕುದ್ರೆ ಸೀದಾ ಇಲ್ಲಿಗೇ ಬಂದ್ಬುಡಿ."

ಪುಣೆಯಲ್ಲಿ ಕೆಲಸ ಹೋದ ದಿನ ಧಾರವಾಡದ ರೈಲು ಹತ್ತುವಾಗ, ಮನೆಯ ಬಾಗಿಲಲ್ಲಿ ಅವ್ವನ ಬಾಯಿಂದ ನಾನು ಕೇಳಲು ಬಯಸಿದ್ದ ಮಾತು ಇದೇ ಆಗಿತ್ತು.