ಅಪ್ಪನನ್ನು ಎಲೆಯಿಂದ ಎಬ್ಬಿಸಿದರು

“ಹವಾಲ್ದಾರ್ರೇ, ಸ್ವಲ್ಪ ಏಳಿ. ಕ್ಯಾಪ್ಟನ್ ಸಾಹೇಬ್ರು ಬಂದಿದ್ದಾರೆ. ನೀವು ಎರಡನೇ ಪಂಕ್ತೀಲಿ ಕೂತ್ಕೊಂಡ್ರಾಯ್ತು.”

ಮೂಡಿಗೆರೆ ಹತ್ತಿರದ ಎಸ್ಟೇಟ್ ಮಾಲೀಕರ ಮನೆ ಮದುವೆಯಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೀಗೆಂದಾಗ ಅಪ್ಪನ ಎಲೆಗೆ ಆಗಲೇ ಅನ್ನ ಬಡಿಸಿಯಾಗಿತ್ತು. ಸೈನ್ಯದಿಂದ ನಿವೃತ್ತರಾಗಿ ಅದೇ ಎಸ್ಟೇಟಿನ ಕಾವಲಿಗಿದ್ದ ಅಪ್ಪ ಎದ್ದರು. ರೈಟರ್ ಬೇರೆ ಎಲೆ ಹಾಕಿಸಿ, ಮಾಲೀಕರ ನೆಂಟನಾದ ಕ್ಯಾಪ್ಟನ್‌ನನ್ನು ಅಲ್ಲಿ ಕೂರಿಸಿದರು. ಪಕ್ಕದಲ್ಲಿದ್ದ ನಾನೂ ಊಟ ಬಿಟ್ಟು ಎದ್ದೆ. ನನ್ನಂಥ ಹೆಣ್ಣುಮಕ್ಕಳನ್ನು ಸೈನ್ಯಕ್ಕೆ ಅಧಿಕಾರಿಗಳಾಗಿ ತೆಗೆದುಕೊಳ್ಳಲು ಆಗಷ್ಟೇ ಶುರುವಾಗಿತ್ತು.

“ನಾನೂ ಆಫೀಸರ್ ಆಗ್ತೀನಿ ಅಪ್ಪ,” ಎಂದೆ ಮನೆಗೆ ಹೋಗುವ ದಾರಿಯಲ್ಲಿ, ಸಿಟ್ಟು ತಡೆಯಲಾಗದೆ.

“ಆಗು ಮಗಳೇ. ಆದ್ರೆ ನಿನ್ನ ಜವಾನ್ರು ಉಂಡ ಮೇಲೆ ನೀನು ಉಣ್ಣು,” ಎಂದರು ಅಪ್ಪ.

ಆಫೀಸರ್ ಆದೆ, ಅಪ್ಪನ ಮಾತನ್ನೂ ಪಾಲಿಸಿದೆ. ರಜೆಗೆ ಬಂದಾಗಲೆಲ್ಲ ಅದೇ ಮಾಲೀಕರು “ಊಟಕ್ಕೆ ಬನ್ನಿ ಮೇಡಂ” ಎಂದು ಕರೆಯುತ್ತಾರೆ. ಅಪ್ಪನನ್ನು ಕರೆಯುವುದಿಲ್ಲ. ಆ ಮನೆಯಲ್ಲಿ ನಾನು ಇಂದಿಗೂ ಉಂಡಿಲ್ಲ.